ಹತ್ತಿರ ಹೋಗಿ ಎಂದವಳು

ಸುಜಾತಕ್ಕ, ಆ ಕ್ಯಾಮೆರಾ ನಿಮಗೆ ಬೇಕಾದದ್ದಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅದನ್ನು ತೆಗೆದುಕೊಳ್ಳಿ ಎಂದೆ. ನೇತ್ರಾವತಿಯ ಕೆಸರಿನಲ್ಲಿ ಅಂದು ನೀವು ಮುಳುಗಿಹೋಗುತ್ತಿದ್ದಿರಲ್ಲ — ಅದು ನೀವು ಎಲ್ಲರಿಗೂ ಹೇಳಿಕೊಂಡು ಬಂದಿರುವಂತೆ ನಿಮ್ಮ ಆಸೆಬುರುಕತನದಿಂದ ಆದದ್ದಲ್ಲ. ನನ್ನಿಂದ ಆದದ್ದು.

ಮಸ್ಕತ್ತಿನ ನರ್ಸ್ ಕೆಲಸ ಮುಗಿಸಿ ನೀವು ದೇರೆಬೈಲಿನ ಫ್ಲ್ಯಾಟಿಗೆ ಒಬ್ಬರೇ ಬಂದಿದ್ದಿರಿ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ ಕುದ್ರೋಳಿಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೆ. ಭಾನುವಾರ ಬೆಳಿಗ್ಗೆ ನನ್ನ ಸ್ಕೂಟರಿನ ಹಿಂದೆ ನೀವು, ನಿಮ್ಮ ಮಡಿಲಲ್ಲಿ ಚಹದ ಫ್ಲಾಸ್ಕು — ವಾರವಿಡೀ ಯಾರ ಜೊತೆಗೂ ಮನಬಿಚ್ಚಿ ಮಾತಾಡದ ಇಬ್ಬರು ಹೆಂಗಸರು ಹಕ್ಕಿ ಹುಡುಕಿಕೊಂಡು ಹೋಗುತ್ತಿದ್ದೆವು. ನಿಮಗೆ ಹಕ್ಕಿ ನೋಡಲು ಕಲಿಸಿದವಳು ನಾನು. ಅದನ್ನು ನಾನು ಎಂದೂ ಮರೆತಿರಲಿಲ್ಲ. ಅದೇ ರೋಗವಾಯಿತೇನೋ.

ಹಕ್ಕಿ ನೋಡುವವರ ನಮ್ಮ ಗುಂಪಿನಲ್ಲಿ ಒಂದು ದಿನ ಎಲ್ಲರೂ ಚಿತ್ರ ತೋರಿಸುತ್ತಿದ್ದರು. ನಿಮ್ಮ ಬಳಿ ಆಗ ಇದ್ದದ್ದು ಅಣ್ಣನ ಮಗ ಕೊಟ್ಟ ಹಳೆಯ ಪುಟ್ಟ ಜೂಮ್ ಕ್ಯಾಮೆರಾ. ಅದರಲ್ಲೇ ತೆಗೆದ ಮಿಂಚುಳ್ಳಿಯನ್ನು ಕಂಡು ಒಬ್ಬರು ನನ್ನ ಕಡೆ ತಿರುಗಿದರು. "ಟೀಚರ್, ನಿಮ್ಮದು ಹಕ್ಕಿಯ ಪಾಸ್‌ಪೋರ್ಟ್ ಫೋಟೋ ಮಾರಾಯ್ರೆ. ಸುಜಾತಕ್ಕನ ಹಕ್ಕಿ ನೋಡಿ, ಈಗ ಹಾರಿ ಬಂದು ಕೈಗೆ ಕುಟುಕ್ತದೆ!" ಎಲ್ಲರೂ ನಕ್ಕರು. ನಾನೂ ನಕ್ಕೆ. ನೀವು ಮಾತ್ರ ನಗದೆ, ನನಗೆ ನೋವಾಯಿತೇನೋ ಎಂಬ ಮರುಕದಿಂದ ನನ್ನ ಮುಖ ನೋಡಿದಿರಿ — ಆ ನೋಟವನ್ನೇ ನನಗೆ ಕ್ಷಮಿಸಲಾಗಲಿಲ್ಲ.

ಆಮೇಲೆ, ಹೊಸದು ಕೊಳ್ಳಲು ನಾವು ಹೋದ ಆ ಕ್ಯಾಮೆರಾ ಅಂಗಡಿ. ನನ್ನ ಕ್ಯಾಮೆರಾದ ಕಂಪೆನಿಯದೇ ಕ್ಯಾಮೆರಾ, ನನ್ನದರಂಥದ್ದೇ ಲೆನ್ಸ್ ಎಂದು ನೀವು ಮೊದಲೇ ನಿಶ್ಚಯಿಸಿದ್ದಿರಿ. ಆ ಲೆನ್ಸ್ ಕೂರಿಸುವ ಬಾಡಿ ಯಾವುದು ಎಂಬುದಷ್ಟೇ ಉಳಿದಿತ್ತು. ಗಾಜಿನ ಮೇಲೆ ಎರಡನ್ನು ಇಟ್ಟರು. ನನ್ನಲ್ಲಿದ್ದಂಥ ಸಣ್ಣ ಸೆನ್ಸರಿನದಕ್ಕೆ ಆ ಲೆನ್ಸ್ ಹಾಕಿದರೆ ದೂರದ ಹಕ್ಕಿ ಚೌಕಟ್ಟು ತುಂಬುತ್ತದೆ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್‌ಗೆ ಹಾಕಿದರೆ ಅದೇ ಹಕ್ಕಿ ಚಿತ್ರದ ನಡುವೆ ಸಣ್ಣದಾಗಿ ಕೂರುತ್ತದೆ. ತರಗತಿಯಲ್ಲಿ ಬೋರ್ಡಿನ ಮೇಲೆ ಗೆರೆ ಎಳೆದು ವಿವರಿಸಬಲ್ಲ ವಿಷಯ. ಅಂಗಡಿಯವರು, "ಹಕ್ಕಿಗಾದ್ರೆ ಈ ಸಣ್ಣದೇ ಸಾಕಲ್ಲ ಮೇಡಂ" ಎಂದು ಬಾಯಿ ತೆರೆದದ್ದೂ ನಿಜ. ನೀವು ಕೇಳಿಸಿಕೊಳ್ಳಲಿಲ್ಲ. ನನ್ನನ್ನೇ ನೋಡಿದಿರಿ.

"ನೀನು ಹೇಳು ಮಾರಾಯ್ತಿ. ನಿನ್ನ ಫಿಸಿಕ್ಸ್ ಮತ್ತೆ ಎಂತಕ್ಕೆ ಇರುವುದು?"

"ಫುಲ್ ಫ್ರೇಮೇ ತಕೊಳ್ಳಿ ಅಕ್ಕ. ಮಂದ ಬೆಳಕಿಗೆ ಅದೇ ಒಳ್ಳೆಯದು."

ಅದು ಸುಳ್ಳಲ್ಲ. ಅಷ್ಟೇ ಅದರ ಅನುಕೂಲ. ಉಳಿದರ್ಧವನ್ನು ನುಂಗಿಕೊಂಡೆ.

ಆಮೇಲೆ ನಿಮ್ಮ ಚಿತ್ರಗಳಲ್ಲಿ ಹಕ್ಕಿಗಳು ಸಣ್ಣವಾದವು. ದೊಡ್ಡದು ಮಾಡಿ ನೋಡಿದರೆ ಗರಿಯ ಅಂಚು ಕರಗಿಹೋಗುತ್ತಿತ್ತು. ನೀವು ಕ್ಯಾಮೆರಾವನ್ನು ದೂರಲಿಲ್ಲ, ನಿಮ್ಮನ್ನೇ ದೂರಿಕೊಂಡಿರಿ. "ನನ್ನ ಕೈಯೇ ಸರಿ ಇಲ್ಲ. ಹತ್ತಿರ ಹೋಗ್ಬೇಕಾ?" ಎಂದು ಕೇಳಿದಿರಿ. ನಿಜ ಹೇಳಲು ಅದು ಎರಡನೆಯ ಅವಕಾಶ. ನಾನು ಹೇಳಿದೆ — "ಹೌದು ಅಕ್ಕ, ಹತ್ತಿರ ಹೋಗಿ."

ಆ ಭಾನುವಾರ ನೇತ್ರಾವತಿಯ ಸೇತುವೆ ದಾಟಿ, ತೊಕ್ಕೊಟ್ಟಿಗೆ ಮೊದಲೇ ತಿರುಗಿ ಹೊಳೆಬದಿಗೆ ಇಳಿದೆವು. ನೀರು ಇಳಿದು ಕೆಸರುದಿಬ್ಬ ಮೇಲೆ ಬಂದಿತ್ತು. ಅದರ ತುದಿಯಲ್ಲಿ ಉದ್ದ ಬಾಗಿದ ಕೊಕ್ಕಿನ ಕರ್ಲ್ಯೂ, ನಾವು ಆ ಚಳಿಗಾಲವಿಡೀ ಕಾದಿದ್ದ ವಲಸೆ ಹಕ್ಕಿ. ನಾನು ದಡದಲ್ಲೇ ಕೂತೆ, ನನ್ನ ಕ್ಯಾಮೆರಾಕ್ಕೆ ಅಲ್ಲಿಂದಲೇ ಸಾಕಿತ್ತು. ನೀವು ಬಗ್ಗಿ ಬಗ್ಗಿ ಮುಂದೆ ಹೋದಿರಿ. ಹಕ್ಕಿಯ ಎದುರು ಮಾತಿಲ್ಲ ಎಂಬುದು ನಮ್ಮ ನಿಯಮ, ನಾನೇ ಕಲಿಸಿದ್ದು.

ಕಡಲಿನ ಉಬ್ಬರ ಹೊಳೆಗೆ ಏರತೊಡಗಿತು. ನಿಮ್ಮ ಹಿಂದಿನ ತಗ್ಗಿಗೆ ನೀರು ತುಂಬುವುದು ನನ್ನ ಲೆನ್ಸಿನಲ್ಲಿ ಕಂಡಿತು. ಕಂಡಿತು, ಅಕ್ಕ. ಆದರೆ ಕರ್ಲ್ಯೂ ಆಗಲೇ ರೆಕ್ಕೆ ಬಿಡಿಸಲು ಮೈ ಎತ್ತಿತ್ತು. ಕೂಗಿದರೆ ಅದು ಹಾರುತ್ತದೆ — ನಾನು ಕಾದೆ. ಅದು ರೆಕ್ಕೆ ಬಿಚ್ಚಿತು, ನಾನು ಒತ್ತಿದೆ, ಒತ್ತುತ್ತಲೇ ಇದ್ದೆ. ಹಕ್ಕಿ ಹೋದ ಮೇಲೆ ಕೂಗಿದೆ.

ನೀವು ತಿರುಗಿ ಆ ತಗ್ಗಿಗೆ ಕಾಲಿಟ್ಟಿರಿ. ಮೊಣಕಾಲಿನವರೆಗೆ ಕೆಸರು, ಎದೆಯವರೆಗೆ ನೀರು. ಕೈ ಬೀಸಿ ಬಿಡಿಸಿಕೊಳ್ಳುವ ಬದಲು ಎರಡೂ ಕೈಯಲ್ಲಿ ಕ್ಯಾಮೆರಾ ಎತ್ತಿ ಹಿಡಿದಿದ್ದಿರಿ.

"ಬಿಡಿ ಅಕ್ಕ! ಅದನ್ನು ಬಿಡಿ!"

"ಹೇಗೆ ಬಿಡುವುದು ಮಾರಾಯ್ತಿ, ನೀನು ಆರಿಸಿ ಕೊಟ್ಟದ್ದಲ್ವಾ!"

ಈಗಲೂ ಕ್ಲಾಸಿನಲ್ಲಿ ಸೀಮೆಸುಣ್ಣ ಹಿಡಿದಾಗ ಆ ದನಿ ಕೇಳುತ್ತದೆ. ಕಣ್ಣೆದುರು ನೀರು ನಿಮ್ಮ ಗಲ್ಲಕ್ಕೆ ಬರುತ್ತದೆ. ಮಕ್ಕಳು ಕಾಯುತ್ತಾರೆ, ನಾನು ಬೋರ್ಡಿನ ಕಡೆ ಮುಖ ಮಾಡಿ ನಿಂತೇ ಇರುತ್ತೇನೆ.

ಹೊಳೆಯಲ್ಲಿ ಮರುವಾಯಿ ಚಿಪ್ಪು ಹೆಕ್ಕಿ ಹಿಂತಿರುಗುತ್ತಿದ್ದ ದೋಣಿಯವರು ನಿಮ್ಮನ್ನು ಎಳೆದು ಹಾಕಿದರು. "ಎಂತ ಅಕ್ಕ, ಜೀವಕ್ಕಿಂತ ಪೆಟ್ಟಿಗೆ ಹೆಚ್ಚಾ ನಿಮಗೆ?" ಎಂದು ಬೈದರು. ನೀವು ನಡುಗುತ್ತ ನನ್ನ ಕೈ ಹಿಡಿದು ಅವರಿಗೆ ಹೇಳಿದಿರಿ: "ಇವಳು ಕೂಗಿದ್ದಕ್ಕೆ ಬದುಕಿದೆ."

ನಾನು ನಿಮ್ಮನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ.

ಅಂದಿನಿಂದ ನೀವು ಕ್ಯಾಮೆರಾ ಮುಟ್ಟಿಲ್ಲ. "ನನಗೆ ಹೆದರಿಕೆಯಲ್ಲ, ಚಿತ್ರ ತೆಗೆಯುವ ಕಣ್ಣೇ ಹೋಯಿತು, ಇನ್ನು ಆಗುವುದಿಲ್ಲ" ಎಂದಿರಿ. ನಾನು ಒಬ್ಬಳೇ ಹೋಗುತ್ತೇನೆ. ಹಿಂದಿನ ಸೀಟು ಖಾಲಿ. ಹಕ್ಕಿ ಕಂಡರೆ ತೋರಿಸಲು ಪಕ್ಕಕ್ಕೆ ತಿರುಗುತ್ತೇನೆ, ಅಲ್ಲಿ ಯಾರೂ ಇರುವುದಿಲ್ಲ. ಭಾನುವಾರ ನಿಮ್ಮಿಂದ "ಎಂತ ಸಿಕ್ಕಿತು?" ಎಂಬ ಮೆಸೇಜು ಬಂದರೆ ಸಂಜೆಯವರೆಗೂ ಉತ್ತರಿಸುವುದಿಲ್ಲ. ಆ ಕರ್ಲ್ಯೂ ಚಿತ್ರವನ್ನು ಎಲ್ಲರೂ ಹೊಗಳಿದರು. ಮೂಲ ಚಿತ್ರದ ಅಂಚಿನಲ್ಲಿ ನಿಮ್ಮ ಬಿಳಿ ಟೊಪ್ಪಿ ಇದೆ, ನಿಮ್ಮ ಬೆನ್ನ ಹಿಂದಿನ ತಗ್ಗಿನಲ್ಲಿ ಮಿನುಗುವ ನೀರಿದೆ. ಅದನ್ನು ಕತ್ತರಿಸಿಯೇ ನಾನು ತೋರಿಸಿದ್ದು.

ನಾಳೆ ದೇರೆಬೈಲಿಗೆ ಬರುತ್ತೇನೆ. ಇದನ್ನು ನೀವು ಓದುವಾಗ ಎದುರಿಗೆ ಕೂತಿರುತ್ತೇನೆ. ಕತ್ತರಿಸದ ಚಿತ್ರವನ್ನೂ ನನ್ನ ಕ್ಯಾಮೆರಾವನ್ನೂ ಮೇಜಿನ ಮೇಲೆ ಇಡುತ್ತೇನೆ. ನಿಮ್ಮ ಲೆನ್ಸನ್ನು ಅದಕ್ಕೆ ಹಾಕಿ, ಬಾಲ್ಕನಿಯಿಂದ ಎದುರಿನ ತೆಂಗಿನ ಮೇಲಿನ ಕಾಗೆಯನ್ನಾದರೂ ಒಮ್ಮೆ ತೆಗೆಯಿರಿ. ನಿಮ್ಮ ಕಣ್ಣು ಎಲ್ಲಿಗೂ ಹೋಗಿಲ್ಲ ಎಂದು ತಿಳಿಯಲು ಅಷ್ಟು ಸಾಕು.

ಆಮೇಲೆ ನೀವು ಬಾಗಿಲು ತೋರಿಸಿದರೆ ಹೋಗುತ್ತೇನೆ. ಕ್ಯಾಮೆರಾ ಅಲ್ಲೇ ಇರಲಿ.