ಗೋಡೆಯಾಚೆಯ ಕಂಪ್ಯೂಟರ್‌ನಿಂದ ಬಂದ ಪುಟಗಳು

ಕಡಬದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಟೀಚರ್. ಎರಡು ವರ್ಷ ಮಕ್ಕಳೊಂದಿಗೆ ಸೇರಿ ನಮ್ಮ ಕಡೆಯ ಮನೆಮಾತಾದ ಅರೆಭಾಷೆಯ ಒಂದು ಪುಟ್ಟ ಪದಕೋಶ ಮಾಡಿದ್ದೆ. ಹೆಚ್ಚಿನ ಪದಗಳನ್ನು ಕೊಟ್ಟವರು ಕೊಲ್ಲಮೊಗ್ರಿನ ಒಬ್ಬ ಅಜ್ಜಿ. ಕಾಡಂಚಿನಲ್ಲಿ ಬೇಸಾಯ ಮಾಡಿದ ಅವರಿಗೆ ಹಂದಿ ಓಡಿಸುವ ಕೂಗಿಗೇ ನಾಲ್ಕು ಹೆಸರು ಗೊತ್ತಿತ್ತು. ಅಚ್ಚಿಗೆ ಹೋಗುವ ಮುಂಚೆ ನೋಡಿಕೊಡಿ ಎಂದು ಅವರನ್ನು ಶಾಲೆಗೆ ಕರೆದಿದ್ದೆ.

ಅವರು ಬರುವ ಹಿಂದಿನ ಸಂಜೆ ಸಿಡಿಲು ಬಡಿಯಿತು. ಬೆಳಿಗ್ಗೆ ನೋಡಿದರೆ ಲ್ಯಾಬಿನ ಕಂಪ್ಯೂಟರ್‌ನ ಫ್ಯಾನ್ ತಿರುಗುತ್ತಿದೆ, ಪರದೆ ಕಪ್ಪು. ಬೇರೆ ಮಾನಿಟರ್ ಸಿಕ್ಕಿಸಿದೆ, ಅದೂ ಕಪ್ಪು. ಪದಕೋಶ ಅದರೊಳಗಿತ್ತು. ಪುಟ ಜೋಡಿಸುವ ಪ್ರೋಗ್ರಾಂ ಇದ್ದದ್ದೂ ಅದರಲ್ಲಿ ಮಾತ್ರ.

ನಮ್ಮ ಕಂಪ್ಯೂಟರುಗಳಿಗೆ ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಹಾಕಿಕೊಟ್ಟವರು ಗಲ್ಫಿನಿಂದ ಮರಳಿ ಉಪ್ಪಿನಂಗಡಿಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಬ್ಯಾರಿ ಸಮುದಾಯದ ಒಬ್ಬ ಹಿರಿಯರು. ಅವರಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡರು.

"ಹೋದದ್ದು ಚಿತ್ರ ಕೊಡುವ ಪಾರ್ಟ್ ಮಾತ್ರ ಟೀಚರೇ, ಒಳಗೆ ಜೀವ ಉಂಟು. ನೀವು ಆಫೀಸಿನ ಕಂಪ್ಯೂಟರ್‌ನಲ್ಲಿ ಕೂತುಕೊಳ್ಳಿ. ಇದರ ಪ್ರೋಗ್ರಾಂ ಅಲ್ಲಿ ತೆರೆಯುವ."

ಆಫೀಸು ಇರುವುದು ಲ್ಯಾಬಿನ ಗೋಡೆಯಾಚೆ. ಎರಡರ ನಡುವೆ ಕೇಬಲ್ ಇತ್ತು. ಅವರು ಹೇಳಿದಂತೆ ಟರ್ಮಿನಲ್ ಎಂಬ ಕಪ್ಪು ಚೌಕ ತೆರೆದೆ. ಅಲ್ಲಿ ಮೌಸಿಗೆ ಕೆಲಸವಿಲ್ಲ, ಬೇಕಾದದ್ದನ್ನು ಬರೆದೇ ಕೇಳಬೇಕು. ಇನ್ನೊಂದು ಕಂಪ್ಯೂಟರಿನ ಒಳಹೋಗಲು ಎಸ್ಎಸ್ಎಚ್, ಅದರ ಚಿತ್ರ ಇಲ್ಲಿಗೆ ತರಲು ಒಂದು ಅಡ್ಡಗೆರೆ ಮತ್ತು ಎಕ್ಸ್, ಲ್ಯಾಬಿನ ಕಂಪ್ಯೂಟರ್‌ನ ಹೆಸರು, ಪಾಸ್‌ವರ್ಡ್. ಆಮೇಲೆ ಪ್ರೋಗ್ರಾಂನ ಹೆಸರು ಬರೆದೆ. ತೋರಿಸಲು ಪರದೆಯೇ ಇಲ್ಲ ಎಂದು ಅದು ಇಂಗ್ಲಿಷಿನಲ್ಲಿ ಗೊಣಗಿತು. ಸಣ್ಣ ಎಕ್ಸ್ ಒತ್ತಿದಿರಾ ಎಂದು ಅವರು ಫೋನಿನಲ್ಲಿ ಕೇಳಿದರು. ಹೌದು. ದೊಡ್ಡದು ಬೇಕಂತೆ.

ಮತ್ತೆ ಮೊದಲಿನಿಂದ ಬರೆದೆ. ಈ ಸಲ ಪ್ರೋಗ್ರಾಂನ ಹೆಸರಿನ ಕೊನೆಗೆ & ಗುರುತು ಹಾಕಲು ಹೇಳಿದರು; ಆಗ ಅದು ತನ್ನ ಪಾಡಿಗೆ ಓಡುತ್ತದೆ, ಕಪ್ಪು ಚೌಕ ಮುಂದಿನ ಮಾತಿಗೆ ಖಾಲಿ ಇರುತ್ತದೆ. ಎಂಟರ್ ಒತ್ತಿದೆ. ಒಂದು ಕ್ಷಣ ಏನೂ ಇಲ್ಲ. ಮರುಕ್ಷಣ ನನ್ನ ಕಣ್ಣೆದುರೇ ಪದಕೋಶದ ಮುಖಪುಟ ತೆರೆದುಕೊಂಡಿತು. ಕುರುಡಾಗಿ ಕೂತ ಕಂಪ್ಯೂಟರಿನ ಪುಟಗಳು ಗೋಡೆ ದಾಟಿ ಬಂದಿದ್ದವು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

ಅಷ್ಟರಲ್ಲಿ ಅಜ್ಜಿ ಬಂದು ಹಿಂದೆ ನಿಂತಿದ್ದರು. ವಿಷಯ ಹೇಳಿದರೆ ಅವರಿಗೆ ಅಚ್ಚರಿಯೇ ಆಗಲಿಲ್ಲ. ಕನ್ನಡಕ ಏರಿಸಿ ಮೂರನೆಯ ಪುಟಕ್ಕೆ ಬೆರಳಿಟ್ಟರು.

"ಇದಕ್ಕೆ ನಾನು ಹೇಳಿದ ಅರ್ಥ ಇದಲ್ಲ ಟೀಚರೇ. ಬರೆದುಕೊಳ್ಳುವಾಗ ನಿಮ್ಮ ಗಮನ ಎಲ್ಲಿತ್ತು?"

ಮಧ್ಯಾಹ್ನದವರೆಗೆ ಹನ್ನೊಂದು ತಪ್ಪು ಹಿಡಿದರು. ತಿದ್ದಿದ ಪುಟಗಳನ್ನು ಅಚ್ಚಿಗೆ ಕಳಿಸಿದ ಮೇಲೆ, ಫೋನಿನಲ್ಲಿ ಅಂಗಡಿಯ ಹಿರಿಯರು ಹೇಳಿಕೊಟ್ಟ ಇನ್ನೊಂದು ಪ್ರೋಗ್ರಾಂನ ಹೆಸರು ಬರೆದು ನೋಡಿದೆ. ಪರದೆಯ ಮೇಲೆ ಎರಡು ದುಂಡು ಕಣ್ಣುಗಳು ಮೂಡಿ, ಮೌಸ್ ಹೋದ ಕಡೆಗೆಲ್ಲ ಹೊರಳತೊಡಗಿದವು. ಅಜ್ಜಿ ಮೌಸನ್ನು ನನ್ನ ಕೈಯಿಂದ ತೆಗೆದುಕೊಂಡರು. ಊಟಕ್ಕೆ ಎರಡು ಸಲ ಕರೆಯಬೇಕಾಯಿತು.