ಮಿಕ್ಸರ್ ಪಕ್ಕದ ಜಾಗ

ಹತ್ತು ಹನ್ನೆರಡು ವರ್ಷ ನಾನು ಒಂದು ನಂಬಿಕೆಯ ಮೇಲೆ ಬದುಕಿದೆ. ರಾಕ್ ಬ್ಯಾಂಡೊಂದರ ಗಿಟಾರ್ ವಾದಕರು ಅಷ್ಟು ಜನರ ನಡುವೆ ನನ್ನನ್ನು ಗುರುತು ಹಿಡಿಯುತ್ತಾರೆ ಎಂಬುದೇ ಆ ನಂಬಿಕೆ. ನಗುವವರು ನಗಲಿ. ಆಗ ಈ ಊರಿನಲ್ಲಿ ನನ್ನ ಗುರುತು ಹಿಡಿಯುವವರು ಬೇರೆ ಯಾರೂ ಇರಲಿಲ್ಲ.

ನಾವು ಧಾರವಾಡದ ಕಡೆಯವರು. ಅಪ್ಪ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಬಹಳ ವರ್ಷ ಒಬ್ಬರೇ ಇದ್ದು, ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ ವಿಮಾನಪುರದಲ್ಲಿ ಕ್ವಾರ್ಟರ್ಸ್ ಸಿಕ್ಕಿದ ಮೇಲೆ ನಮ್ಮನ್ನು ಕರೆಸಿಕೊಂಡರು. ಇಂದಿರಾನಗರದ ಕಾಲೇಜಿನಲ್ಲಿ ಹುಡುಗರು ನನ್ನ ಇಂಗ್ಲಿಷಿಗೆ ನಕ್ಕರು, ಸರಿ. ನನ್ನ ಕನ್ನಡಕ್ಕೂ ನಕ್ಕರು. 'ಬರ್ತೇನ್ರಿ' ಅಂದರೆ ಸಾಕು, ಹಿಂದಿನ ಬೆಂಚಿನಿಂದ ಯಾರೋ ಅದನ್ನೇ ರಾಗವಾಗಿ ಎಳೆಯುತ್ತಿದ್ದರು. ಬರಬರುತ್ತಾ ನಾನು ಮಾತೇ ಬಿಟ್ಟೆ.

ತೊಂಬತ್ತರ ದಶಕದ ನಡುವೆ ಆ ಕಾಲೇಜಿನ ಮೈದಾನದಲ್ಲೇ ಅವರನ್ನು ಮೊದಲು ಕಂಡದ್ದು. ನಾಲ್ಕು ಜನರ ಬ್ಯಾಂಡ್. ಗಿಟಾರ್ ಹಿಡಿದವರು ಮರ್ಫಿ ಟೌನಿನವರು, ಕಡ್ಡಿಯಂಥ ಮೈ, ಕೂದಲಿಗೆ ರಬ್ಬರ್ ಬ್ಯಾಂಡ್, ಅಂಗಿಗೆ ಕುತ್ತಿಗೆಯವರೆಗೂ ಗುಂಡಿ. ಮುಂದುಗಡೆ ಎಲ್ಲರಿಗೂ ಗುಂಪಿತ್ತು, ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಕುಣಿಯುತ್ತಿದ್ದರು. ಒಬ್ಬನೇ ಕುಣಿದರೆ ಹುಚ್ಚ ಅನ್ನುತ್ತಾರೆ. ಹಾಗಾಗಿ ನಾನು ಮೈದಾನದ ಮಧ್ಯೆ ಸೌಂಡಿನವನು ಮೈಕು, ವಾದ್ಯಗಳ ಸದ್ದು ಏರಿಸಿ ಇಳಿಸುವ ಮಿಕ್ಸರ್ ಇಟ್ಟುಕೊಂಡು ಕೂತಿದ್ದ ಕಡೆ ಹೋಗಿ, ಅವನ ಸುತ್ತ ಕಟ್ಟಿದ್ದ ಬೊಂಬಿಗೆ ಒರಗಿ ನಿಂತೆ. ಅಲ್ಲಿ ನಿಂತರೆ ಏನೋ ಕೆಲಸದ ಮೇಲೆ ಬಂದವನಂತೆ ಕಾಣಿಸುತ್ತಿತ್ತು.

ಹಾಡಿನ ಮಾತು ಅರ್ಧಕ್ಕರ್ಧ ಅರ್ಥವಾಗಲಿಲ್ಲ. ಆದರೆ ಅವರದೊಂದು ನಿಧಾನದ ಹಾಡಿತ್ತು. ಅದರ ನಡುವೆ ಉಳಿದವರೆಲ್ಲ ಸುಮ್ಮನಾಗಿ ಗಿಟಾರ್ ಒಂದೇ ಉಳಿಯುತ್ತಿತ್ತು. ಆ ಸ್ವರಗಳು ನನ್ನ ಹಾಗೆಯೇ ಇದ್ದವು, ಏನೋ ಹೇಳಲು ಬಂದು ಅರ್ಧಕ್ಕೆ ನಿಲ್ಲಿಸಿ ಮತ್ತೆ ಶುರು ಮಾಡುತ್ತಿದ್ದವು. ಅದಕ್ಕೆ ಸ್ವಲ್ಪ ಮುಂಚೆ ಅವರು ಮುಖವೆತ್ತಿ ನೇರ ನನ್ನ ಕಡೆ ನೋಡಿ ಎರಡು ಸಲ ತಲೆಯಾಡಿಸಿದರು. ನಾನೂ ಎರಡು ಸಲ ತಲೆಯಾಡಿಸಿದೆ. ಬಸ್ಸಿನಲ್ಲಿ ಮನೆಗೆ ಬರುವಾಗ ಕಿಟಕಿಯ ಗಾಜಿನಲ್ಲಿ ನನ್ನ ಮುಖ ನೋಡಿಕೊಂಡೆ. ನಗುತ್ತಿದ್ದೆ.

ಅಲ್ಲಿಂದ ಅವರ ಒಂದು ಕಾರ್ಯಕ್ರಮವನ್ನೂ ಬಿಡಲಿಲ್ಲ. ಹಲಸೂರಿನ ಶಾಲೆಯ ಮೈದಾನ, ಕಂಟೋನ್ಮೆಂಟಿನ ಕ್ಲಬ್ಬಿನ ಅಂಗಳ, ಎಲ್ಲಿ ಹೋದರೂ ಮಿಕ್ಸರ್ ಪಕ್ಕವೇ ನನ್ನ ಜಾಗ. ಎಲ್ಲಿ ಹೋದರೂ ಆ ಹಾಡಿನಲ್ಲಿ ಅವರು ನನ್ನ ಕಡೆ ತಿರುಗಿ ತಲೆಯಾಡಿಸುತ್ತಿದ್ದರು. ಬ್ಯಾಂಡಿನವರು ಮಾರುತ್ತಿದ್ದ ಕ್ಯಾಸೆಟ್ ತಂದು ಮನೆಯಲ್ಲಿ ಹಾಕಿದರೆ ಅಪ್ಪ, "ಫ್ಯಾಕ್ಟರಿ ಒಳಗ ಎಂಟ್ ತಾಸು ಇದನ್ನ ಕೇಳಿ ಬರ್ತೇನಿ. ಮನ್ಯಾಗೂ ಹಚ್ಚತಿ ಏನು?" ಎನ್ನುತ್ತಿದ್ದರು. ಆದರೂ ಎದ್ದು ಬಂದು ಆರಿಸಿದವರಲ್ಲ.

ಕೆ.ಆರ್. ಪುರದ ಪಂಪ್ ಕಂಪನಿಯೊಂದರ ಡಿಸ್ಪ್ಯಾಚ್ ವಿಭಾಗದಲ್ಲಿ ಕೆಲಸ ಸಿಕ್ಕಿದ ಮೇಲೆ ಪಕ್ಕದ ಮೇಜಿನವನ ಹತ್ತಿರ ಒಮ್ಮೆ ಆ ಗಿಟಾರಿನವರ ಹೆಸರು ಹೇಳಿ ಜಂಬ ಕೊಚ್ಚಿದೆ, "ಅವ್ರು ನಂಗೆ ಚೆನ್ನಾಗ್ ಗೊತ್ತು ಗುರು." ಅವನು ತಕ್ಷಣ, "ಹಂಗಾದ್ರೆ ಈ ಶನಿವಾರ ಪರಿಚಯ ಮಾಡ್ಸು ಮಗಾ" ಅಂದ. ಆ ಶನಿವಾರ ನನಗೆ ಜ್ವರ ಬಂತು. ಸುಳ್ಳು ಜ್ವರಕ್ಕಾಗಿ ಕಳೆದುಕೊಂಡ ಕಾರ್ಯಕ್ರಮ ಅದೊಂದೇ.

ಅಪ್ಪ ತೀರಿಕೊಂಡರು. ಕ್ವಾರ್ಟರ್ಸ್ ಬಿಡಬೇಕಾಯಿತು. ಅವ್ವ ಧಾರವಾಡಕ್ಕೆ ಮಾಮನ ಮನೆಗೆ ಹೋದಳು, ನಾನು ರಾಮಮೂರ್ತಿ ನಗರದಲ್ಲಿ ಒಂದು ಕೋಣೆ ಹಿಡಿದೆ. ಅಪ್ಪ ಹೋದ ಹದಿನೈದನೆಯ ದಿನ ಕ್ಲಬ್ಬಿನ ಅಂಗಳದಲ್ಲಿ ಅವರ ಕಾರ್ಯಕ್ರಮವಿತ್ತು. ಬೋಳಿಸಿದ ತಲೆಗೆ ಟೋಪಿ ಹಾಕಿಕೊಂಡು ಹೋದೆ. ಆ ಹಾಡು ಬಂತು, ಅವರು ಮುಖವೆತ್ತಿದರು, ಅವತ್ತು ಎರಡಲ್ಲ, ನಾಲ್ಕು ಸಲ ತಲೆಯಾಡಿಸಿದರು. ಆಫೀಸಿನಲ್ಲಿ ಎಲ್ಲರೂ ಸಂತಾಪ ಹೇಳಿದ್ದರು, ಆದರೆ ವಿಚಾರಿಸಿಕೊಂಡವರು ಇವರೊಬ್ಬರೇ ಅನ್ನಿಸಿತು.

ಎರಡು ಸಾವಿರ ದಾಟಿದ ಮೇಲೆ ಬ್ಯಾಂಡ್ ಒಡೆಯಿತು. ಪಬ್ಬುಗಳಲ್ಲಿ ಡಿಜೆಗಳು ಬಂದು ಕೂತರು. ಗಿಟಾರಿನವರ ಸುದ್ದಿಯೇ ಇಲ್ಲ. ಕೆಲವು ವರ್ಷ ಕಳೆದು ಶಿವಾಜಿನಗರದ ವಾದ್ಯದಂಗಡಿಯ ಗೋಡೆಯಲ್ಲಿ ಗಿಟಾರ್ ಕ್ಲಾಸಿನ ಚೀಟಿಯೊಂದು ಕಂಡಿತು. ಮರ್ಫಿ ಟೌನಿನ ವಿಳಾಸ, ಕೆಳಗೆ ಅವರ ಹೆಸರು. ಮುಂದಿನ ಭಾನುವಾರ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಬಾಗಿಲು ತೆರೆದವರು ಅವರೇ. ಕೂದಲು ಕತ್ತರಿಸಿದ್ದರು, ಕನ್ನಡಕ ಬಂದಿತ್ತು. ನಾನು ನಗುತ್ತಾ ನಿಂತೆ.

"ಹೇಳಿ ಸರ್, ಮಗೂಗಾ ಕ್ಲಾಸು?"

"ಇಲ್ಲ. ನಂಗೇ."

ಅವರ ಕಣ್ಣು ಮಂಜಾಗಿರಬೇಕು ಅಂದುಕೊಂಡೆ. ಹಗಲಿನಲ್ಲಿ ಮುಖ ಬೇರೆ ಥರ ಕಾಣುತ್ತದೆ ಅಂತಲೂ ಅಂದುಕೊಂಡೆ. ಸಮಾಧಾನ ಮಾಡಿಕೊಳ್ಳುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿತ್ತು. ಮೂವತ್ತು ದಾಟಿದ ಬೆರಳುಗಳಲ್ಲಿ ತಂತಿ ಒತ್ತಲು ಕಲಿಯುತ್ತಾ, ಅವರಿಗೇ ಒಂದು ದಿನ ನೆನಪಾಗಲಿ ಎಂದು ಕಾದೆ.

ಮೂರನೆಯ ತಿಂಗಳು ಗಿಟಾರ್ ಶ್ರುತಿ ಮಾಡುತ್ತಾ ಅವರೇ ಹಳೆಯ ಮಾತು ತೆಗೆದರು.

"ಸ್ಟೇಜ್ ಮೇಲೆ ನಮ್ಮ ಗಿಟಾರ್ ನಮಗೇ ಕೇಳಿಸಲ್ಲ, ಗೊತ್ತಾ? ಡ್ರಮ್ಸ್ ಎಲ್ಲಾ ಮುಚ್ಬಿಡುತ್ತೆ. ಕಾಲ ಹತ್ರ ಒಂದು ಸಣ್ಣ ಸ್ಪೀಕರ್ ಇಟ್ಟಿರ್ತಾರೆ. ಅದರ ಸೌಂಡ್ ಮಿಕ್ಸರ್‌ನವನ ಕೈಲಿ. ಅವನಿಗೂ ನಂಗೂ ಒಂದು ಲೆಕ್ಕ ಇತ್ತು. ಎರಡು ಸಲ ತಲೆ ಆಡಿಸಿದ್ರೆ ಸ್ವಲ್ಪ ಏರಿಸು ಅಂತ. ಕ್ಲಬ್‌ನಲ್ಲಿ ಒಂದ್ಸಲ ನಾಲ್ಕು ಸಲ ಆಡಿಸ್ಬೇಕಾಯ್ತು. ಪುಣ್ಯಾತ್ಮ ಎಲ್ಲೋ ನೋಡ್ತಾ ಕೂತಿದ್ದ."

ನಾನು "ಹೌದಾ ಮಾಸ್ಟರ್" ಅಂದೆ.

ಮೂರು ವಾರ ಕ್ಲಾಸಿಗೆ ಹೋಗಲಿಲ್ಲ. ಮೊದಲು ಅವರ ಮೇಲೆ ಸಿಟ್ಟು ಬಂತು, ಯಾವ ನ್ಯಾಯವೋ. ಆಮೇಲೆ ಅಪ್ಪ ಹೋದ ಹದಿನೈದನೆಯ ದಿನದ ಆ ನಾಲ್ಕು ಸಲ ನೆನಪಾಗಿ ಕೋಣೆಯಲ್ಲಿ ಚಾಪೆಯ ಮೇಲೆ ಸುಮ್ಮನೆ ಬಿದ್ದುಕೊಂಡಿದ್ದೆ. ಅಪ್ಪ ಸತ್ತಾಗಲೂ ಅಷ್ಟು ಒಂಟಿ ಅನ್ನಿಸಿರಲಿಲ್ಲ. ನಾಲ್ಕನೆಯ ಭಾನುವಾರ ಮತ್ತೆ ಹೋದೆ. ಬೇರೆ ಎಲ್ಲಿಗೆ ಹೋಗಲಿ?

ಅವರು ಬಾಗಿಲಲ್ಲೇ, "ಎಲ್ಲಿ ಹೋಗಿದ್ದೆ ಮ್ಯಾನ್? ಒಂದು ಫೋನ್ ಮಾಡ್ಬಾರ್ದಾ?" ಅಂದರು. 'ಸರ್' ಹೋಗಿ 'ಮ್ಯಾನ್' ಆದದ್ದು ಅವತ್ತೇ.

ಆ ವರ್ಷ ಹಲಸೂರಿನ ಚರ್ಚ್ ಹಾಲಿನಲ್ಲಿ ಹಳೆಯ ಬ್ಯಾಂಡಿನವರು ಒಂದು ಸಂಜೆಗೆ ಮತ್ತೆ ಸೇರಿದರು. ಹಿಂದಿನ ಸೌಂಡಿನವನು ದುಬೈ ಸೇರಿದ್ದ. ಬಾಡಿಗೆಗೆ ಬಂದವನು ಹೊಸಬ, ಮೊಬೈಲಿನಿಂದ ಕಣ್ಣೆತ್ತುವವನಲ್ಲ.

ಮಾಸ್ಟರ್ ನನ್ನನ್ನು ಕರೆದರು. "ನೀನು ಮಿಕ್ಸರ್ ಪಕ್ಕ ನಿಂತ್ಕೊ. ನಾನು ತಲೆ ಆಡಿಸಿದ ತಕ್ಷಣ ಅವನ ಭುಜ ತಟ್ಟಿ 'ಗಿಟಾರ್ ಏರಿಸು' ಅನ್ನು. ಅಷ್ಟೇ ಕೆಲಸ."

ನಾನು ಅಲ್ಲಿ ಹೋಗಿ ನಿಂತೆ. ಜನ ಹೆಚ್ಚಿರಲಿಲ್ಲ. ನಿಧಾನದ ಹಾಡು ಶುರುವಾಯಿತು. ಉಳಿದವರು ಸುಮ್ಮನಾಗುವ ಮುಂಚೆ ಅವರು ಮುಖವೆತ್ತಿ ನನ್ನ ಕಡೆ ನೋಡಿ ಎರಡು ಸಲ ತಲೆಯಾಡಿಸಿದರು.

ನಾನೂ ಎರಡು ಸಲ ತಲೆಯಾಡಿಸಿದೆ.

ಅವರು ಮತ್ತೆ ಆಡಿಸಿದರು. ನಾನೂ ಮತ್ತೆ ಆಡಿಸಿದೆ. ಪಕ್ಕದಲ್ಲಿ ಕೂತವನ ಭುಜ ನನಗೆ ನೆನಪೇ ಆಗಲಿಲ್ಲ. ಹಾಡು ಮುಗಿದು ಚಪ್ಪಾಳೆ ಬಿದ್ದಾಗಲೇ ಎಚ್ಚರವಾಗಿದ್ದು.

ಹಾಲ್ ಖಾಲಿಯಾದ ಮೇಲೆ ಅವರು ವೇದಿಕೆಯ ಅಂಚಿನಲ್ಲಿ ಕೂತು ತಂತಿ ಒರೆಸುತ್ತಿದ್ದರು. "ಏನು ಮ್ಯಾನ್, ಅಷ್ಟು ಸಲ ತಲೆ ಆಡಿಸ್ದೆ. ಡ್ರಮ್ಸ್ ಬಾರಿಸ್ತಿದ್ದಷ್ಟು ಹೊತ್ತೂ ಒಂದು ಸ್ವರಾನೂ ಕೇಳಿಸ್ಲಿಲ್ಲ ನಂಗೆ. ಕಿವುಡನ ಹಂಗೆ ಬಾರಿಸ್ದೆ."

"ನಾನೂ ತಲೆ ಆಡಿಸ್ದೆ ಮಾಸ್ಟರ್."

"ನೀನ್ಯಾಕೆ ಆಡಿಸ್ದೆ?"

ಆಗ ಎಲ್ಲವನ್ನೂ ಹೇಳಿದೆ. ಕಾಲೇಜಿನ ಮೈದಾನ, ಬೊಂಬು, ಬಸ್ಸು, ಟೋಪಿ. ಅವರು ನಗಲಿಲ್ಲ. ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

"ಲೈಟು ಕಣ್ಣಿಗೆ ಹೊಡಿಯುತ್ತೆ ಮ್ಯಾನ್. ಸ್ಟೇಜ್ ಮೇಲಿಂದ ಒಬ್ರ ಮುಖಾನೂ ಕಾಣಲ್ಲ, ಬರೀ ಕತ್ತಲೆ. ಅವಾಗ್ಲೂ ಅಷ್ಟೇ."

"ಇವತ್ತು?"

"ಇವತ್ತೂ ಕಾಣ್ಲಿಲ್ಲ. ನೀನು ಅಲ್ಲಿದೀಯ ಅಂತ ಗೊತ್ತಿತ್ತಲ್ಲ, ಅದಕ್ಕೆ ಆ ಕಡೆ ನೋಡ್ದೆ."

ನಾನು ನೆಲದ ಮೇಲಿದ್ದ ವೈರು ಸುತ್ತುವ ನೆಪ ಮಾಡಿ ಅವರಿಗೆ ಬೆನ್ನು ತಿರುಗಿಸಿ ಕೂತೆ. ಅಳು ಬಂದುಬಿಟ್ಟಿತ್ತು.