ಗಾಳಿ ಕೊಳ್ಳಲು ಹೊರಟಿದ್ದು

ದುಡ್ಡು ಕೊಟ್ಟು ಗಾಳಿಯನ್ನು ಕೊಳ್ಳಲು ಹೊರಟವರಲ್ಲಿ ನಾನೂ ಒಬ್ಬ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸೈಕಲ್ಲಿನ ಟ್ಯೂಬಿಗೆ ತುಂಬಿಸುವ ಗಾಳಿಯಲ್ಲ, ಫ್ಯಾನಿನ ಗಾಳಿಯೂ ಅಲ್ಲ. ಉದುರಿದ ಎಲೆಗಳನ್ನು ಊದಿ ಅಟ್ಟುವ ಗಾಳಿ. ಅದಕ್ಕೆಂದೇ ಒಂದು ಯಂತ್ರವಿದೆ. ಉತ್ತರಹಳ್ಳಿಯ ಕಡೆಯ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಮಾಲಿಗಳು ಅದನ್ನು ಹೆಗಲಿಗೇರಿಸಿಕೊಂಡು ಓಡಾಡುವುದನ್ನು ನೀವೂ ನೋಡಿರಬಹುದು. ಬ್ಲೋವರ್ ಎನ್ನುತ್ತಾರೆ. ನೋಡಲು ಆನೆಯ ಸೊಂಡಿಲು, ಕೇಳಲು ಮಿಕ್ಸಿ. ಅದು ಎಕರೆಗಟ್ಟಲೆ ಹುಲ್ಲುಹಾಸಿರುವವರ ಆಯುಧ. ತ್ಯಾಗರಾಜನಗರದ ನನ್ನ ಅಂಗಳವಾದರೋ, ಒಂದು ಸ್ಕೂಟರು, ಒಂದು ತುಳಸಿ ಕಟ್ಟೆ ಮತ್ತು ಒಂದು ಕರಿಬೇವಿನ ಗಿಡಕ್ಕೆ ಜಾಗ ಕೊಟ್ಟ ಮೇಲೆ, ಬಂದ ಅತಿಥಿಗಳನ್ನು ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟುಕೊಳ್ಳುವಷ್ಟು ವಿಶಾಲವಾಗಿದೆ.

ಇಷ್ಟು ಪುಟ್ಟ ಅಂಗಳಕ್ಕೆ ಅಂಥ ಯಂತ್ರ ಏಕೆ ಎಂಬ ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಉತ್ತರ ಅಂಗಳದಲ್ಲಿಲ್ಲ, ಅದರ ಮುಂದಿನ ಫುಟ್‌ಪಾತಿನಲ್ಲಿದೆ. ನನ್ನ ಗೇಟಿಗೂ ಪಕ್ಕದ ಮನೆಯ ವಿಶಾಲಾಕ್ಷಮ್ಮನವರ ಗೇಟಿಗೂ ನಡುವೆ ಒಂದು ಹೊಂಗೆಮರ ನಿಂತಿದೆ. ಬೇಸಿಗೆಯ ಮಧ್ಯಾಹ್ನ ಅದರ ಕೆಳಗೆ ನಿಂತವರಿಗೆ ಊರಿನ ಮೇಲಿರುವ ದೂರುಗಳೆಲ್ಲ ತುಸು ಹೊತ್ತು ಮರೆತುಹೋಗುತ್ತವೆ. ತರಕಾರಿ ಗಾಡಿಯವನು ಚೌಕಾಸಿಗೆ ನಿಲ್ಲುವುದೂ, ಆಟೋದವರು ಊಟದ ಡಬ್ಬಿ ಬಿಚ್ಚುವುದೂ ಅಲ್ಲಿಯೇ. ಆದರೆ ಚಳಿಗಾಲದ ಕೊನೆಯಲ್ಲಿ ಈ ಮರಕ್ಕೆ ವೈರಾಗ್ಯ ಬರುತ್ತದೆ. ಕೆಲವು ವಾರಗಳ ಕಾಲ ಅದು ತನ್ನ ಸಮಸ್ತ ಆಸ್ತಿಯನ್ನೂ ನಮ್ಮ ಎರಡು ಮನೆಗಳಿಗೆ ಸಮನಾಗಿ ಹಂಚುತ್ತದೆ. ಬೇಡವೆನ್ನುವ ಹಕ್ಕು ಮಾತ್ರ ವಾರಸುದಾರರಿಗಿಲ್ಲ.

ಹಿಂದೆ ಇದೊಂದು ಸಮಸ್ಯೆಯೇ ಆಗಿರಲಿಲ್ಲ. ಎಲ್ಲರೂ ಎಲೆಯನ್ನು ಗುಡ್ಡೆಹಾಕಿ ಕಡ್ಡಿ ಗೀರುತ್ತಿದ್ದರು. ನಾನು ನಮ್ಮ ಬೀದಿಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿಯಾದ ಮೇಲೆ, ಹೊಗೆಯಿಂದ ಮಕ್ಕಳ ಮತ್ತು ವೃದ್ಧರ ಶ್ವಾಸಕೋಶಕ್ಕೆ ಆಗುವ ಹಾನಿಯನ್ನು ಮನೆಮನೆಗೆ ಹೋಗಿ ವಿವರಿಸಿ, ಸುಡುವ ಪದ್ಧತಿಯನ್ನು ನಿಲ್ಲಿಸಿದೆ. ನನ್ನ ಸುಧಾರಣೆಗಳಲ್ಲಿ ಪೂರ್ಣ ಯಶಸ್ಸು ಕಂಡದ್ದು ಅದೊಂದೇ. ಸುಡುವುದು ನಿಂತಿತು, ಉದುರುವುದು ನಿಲ್ಲಲಿಲ್ಲ. ಕಸದ ಆಟೋದವರು ಎಲೆಯ ಮೂಟೆ ಕಂಡೊಡನೆ ವೇಗ ಹೆಚ್ಚಿಸುತ್ತಾರೆ. ಹೀಗಾಗಿ ಮೊದಲು ಆಕಾಶಕ್ಕೆ ಹೋಗುತ್ತಿದ್ದ ಎಲೆ ಈಗ ಗೇಟಿನ ಮುಂದೆಯೇ ಕುಳಿತಿತು. ಕಳೆದ ಚಳಿಗಾಲದಲ್ಲಿ ವಿಶಾಲಾಕ್ಷಮ್ಮನವರು ಮರವನ್ನೇ ತೆಗೆಸಬೇಕೆಂದು ಪಾಲಿಕೆಗೆ ಅರ್ಜಿ ಕೊಟ್ಟರು. ಯುಗಾದಿಯೊಳಗೆ ಪರಿಶೀಲನೆಗೆ ಜನ ಬರುವರೆಂದು ತಿಳಿಯಿತು.

ವಿಶಾಲಾಕ್ಷಮ್ಮನವರು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನಾನಾದರೋ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು. ಅರ್ಜಿಯ ಸುದ್ದಿ ಕೇಳಿದ ಸಂಜೆಯೇ ಅವರ ಜಗುಲಿಯಲ್ಲಿ ಕುಳಿತು ಮರದ ಪರವಾಗಿ ವಾದ ಮಂಡಿಸಿದೆ. ನೆರಳು, ತಂಪು, ಅಂತರ್ಜಲ, ಹಕ್ಕಿಗಳ ಸಂಸಾರ, ಮುಂದಿನ ಪೀಳಿಗೆ. ಪೀಠಿಕೆಯಿಂದ ಉಪಸಂಹಾರದವರೆಗೆ ಒಂದು ಎಳೆಯೂ ಸಡಿಲವಾಗದಂತೆ ಮಾತಾಡಿದೆನೆಂದು ನನ್ನ ನಂಬಿಕೆ. ಅವರು ಅವರೆಕಾಳು ಬಿಡಿಸುತ್ತಾ ಪೂರ್ತಿ ಕೇಳಿಸಿಕೊಂಡರು.

"ನೀವು ಹೇಳೋದೆಲ್ಲ ಸರಿ ಸೆಕ್ರೆಟ್ರಿಗಳೇ. ಆದ್ರೆ ಎಲೆ?" ಎಂದರು.

ನನ್ನ ಅಷ್ಟು ಮಾತಿಗೆ ಅವರ ಪ್ರತಿವಾದ ಆ ಒಂದೇ ಪದ. ಪರಿಶೀಲನೆಗೆ ಬರುವವರು ಅವರ ಮಾತನ್ನು ಕೇಳಿ ಸರಿಯೆಂದುಬಿಟ್ಟರೆ ಮರ ಹೋಗುತ್ತದೆ. ಆದ್ದರಿಂದ ಅವರು ಬರುವ ಮೊದಲು ಎಲೆಗೆ ಉತ್ತರ ಹುಡುಕಬೇಕಿತ್ತು. ಬ್ಲೋವರಿನ ಯೋಚನೆ ಹುಟ್ಟಿದ್ದು ಹಾಗೆ.

ಚರ್ಚಾಪಟುವಿನ ಕಷ್ಟವನ್ನು ಸಾಮಾನ್ಯರು ಅರಿಯರು. ಅವನಿಗೆ ಯಾವ ವಿಷಯದಲ್ಲಿಯೂ ಎರಡು ಪಕ್ಷಗಳು ಒಟ್ಟಿಗೇ ಕಾಣುತ್ತವೆ, ಎರಡೂ ಸಮರ್ಥವಾಗಿಯೇ ಕಾಣುತ್ತವೆ. ಪೆಟ್ರೋಲಿನ ಯಂತ್ರಕ್ಕೆ ಬಲ ಹೆಚ್ಚು. ಆದರೆ ಹೊಗೆಯ ವಿರುದ್ಧ ಹೋರಾಡಿದವನು ಹೊಗೆ ಬಿಡುವ ಯಂತ್ರವನ್ನು ಹಿಡಿದು ಬೀದಿಗೆ ಇಳಿಯುವುದು ಹೇಗೆ? ವೈರಿನದು ಹಗುರ, ಆದರೆ ವೈರು ರಸ್ತೆಗೆ ಅಡ್ಡ ಬಿದ್ದರೆ ಎಡವಿ ಬೀಳುವ ಮೊದಲ ನಾಗರಿಕ ನಾನೇ ಆಗಿರುತ್ತೇನೆ. ಬ್ಯಾಟರಿಯದು ಸಭ್ಯ, ಆದರೆ ಅದರ ಉಸಿರು ಗಿಡ್ಡ. ಹೆಂಡತಿ ನಾಗವೇಣಿಯ ಮುಂದೆ ರಾತ್ರಿಯೂಟದ ಹೊತ್ತಿಗೆ ಮೂರು ಪಕ್ಷಗಳನ್ನೂ ನಾನೊಬ್ಬನೇ ಮಂಡಿಸಿದೆ. ಆಕೆ ಸಾರು ಬಡಿಸುತ್ತಾ ಕೇಳಿದಳು:

"ಊದಿದ ಎಲೆ ಎಲ್ಲಿಗೆ ಹೋಗತ್ತೆ ರೀ?"

"ಆಚೆಗೆ."

"ನಮಗೆ ಆಚೆ ಅಂದ್ರೆ ವಿಶಾಲಾಕ್ಷಮ್ಮನೋರ ಮನೆ. ಅವರಿಗೆ ಆಚೆ ಅಂದ್ರೆ ನಮ್ಮನೆ. ದಿನಾ ಹಂಗೇ ಊದ್ಕೊಂಡಿರಿ, ಇಬ್ರಿಗೂ ಹೊತ್ತು ಹೋಗತ್ತೆ."

ಈ ಮಾತಿನಲ್ಲಿ ಒಂದು ತತ್ತ್ವವಿದೆಯೆಂದು ಆಮೇಲೆ ಅನ್ನಿಸಿತು. ಪೊರಕೆ ಎಲೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಬ್ಲೋವರ್ ಎಲೆಯನ್ನು ತನ್ನಿಂದ ದೂರ ತಳ್ಳುತ್ತದೆ. ನಗರದ ಜೀವನವೇ ಹೀಗೆ ಎಳೆದುಕೊಳ್ಳುವ ಪೊರಕೆಯಿಂದ ತಳ್ಳಿಬಿಡುವ ಗಾಳಿಯ ಕಡೆಗೆ ಸಾಗುತ್ತಿದೆಯೇನೋ. ಇನ್ನೊಂದು ವಿಚಿತ್ರವನ್ನೂ ನೋಡಿ. ನಮ್ಮಷ್ಟು ಎಲೆಯನ್ನು ಗೌರವಿಸುವ ಜನ ಅಪರೂಪ. ಬಾಗಿಲಿಗೆ ಮಾವಿನ ಎಲೆ, ಶಿವನಿಗೆ ಬಿಲ್ವಪತ್ರೆ, ವಿಷ್ಣುವಿಗೆ ತುಳಸಿ, ಹನುಮಂತನಿಗೆ ವೀಳ್ಯದೆಲೆಯ ಹಾರ, ನಮಗೆ ಬಾಳೆಯೆಲೆ. ಪ್ರಳಯದ ನೀರಿನಲ್ಲಿ ದೇವರನ್ನೇ ಮಲಗಿಸಲು ನಮ್ಮ ಪುರಾಣಕ್ಕೆ ದೊರೆತದ್ದು ಒಂದು ಆಲದೆಲೆ. ಕೊಂಬೆಯಲ್ಲಿದ್ದಾಗ, ಕೈಯಲ್ಲಿದ್ದಾಗ ಎಲೆ ದೇವರಿಗೆ ಸಮೀಪ. ತಾನಾಗಿ ಉದುರಿತೆಂದರೆ ಕಸ. ಸುಧಾರಕನಾಗಿ ನನಗೆ ಇದು ಘೋರ ಅನ್ಯಾಯವೆಂದು ತೋರಿತು. ಆದರೆ ಅನ್ಯಾಯವನ್ನು ಗುರುತಿಸುವುದರಿಂದ ರಸ್ತೆ ಗುಡಿಸಿದಂತಾಗುವುದಿಲ್ಲ.

ಜಯನಗರದ ಯಂತ್ರೋಪಕರಣಗಳ ಅಂಗಡಿಯ ಯಜಮಾನರು ನನ್ನನ್ನು ಗೌರವದಿಂದ ಕೂರಿಸಿ, "ಎಷ್ಟು ದೊಡ್ಡ ಗಾರ್ಡನ್ ಸಾರ್?" ಎಂದು ಕೇಳಿದರು. ನಾನು ಸ್ಕೂಟರು, ತುಳಸಿ ಕಟ್ಟೆ ಮತ್ತು ಕರಿಬೇವಿನ ವಿವರ ಕೊಟ್ಟೆ. ಅವರು ಕೈಗೆತ್ತಿಕೊಂಡಿದ್ದ ದೊಡ್ಡ ಯಂತ್ರವನ್ನು ನಿಧಾನವಾಗಿ ಕೆಳಗಿಟ್ಟರು.

"ಇದು ಬೇಡ ಸಾರ್. ಇದನ್ನ ಹಾಕಿದ್ರೆ ಎಲೆ ಜೊತೆ ಸ್ಕೂಟ್ರೂ ಹೋಗತ್ತೆ."

ಬದಲಿಗೆ ಬ್ಯಾಟರಿಯ ಪುಟ್ಟದೊಂದನ್ನು ತೋರಿಸಿದರು. ನಾನು ಅದರ ಶಬ್ದ, ತೂಕ, ಆಯುಷ್ಯ, ರಿಪೇರಿಯ ಸಾಧ್ಯತೆ ಮತ್ತು ಹಳೆಯ ಬ್ಯಾಟರಿಯ ಅಂತಿಮ ವಿಲೇವಾರಿಯ ಕುರಿತು ಪ್ರಶ್ನಿಸಿದೆ. ಕೊನೆಯ ಪ್ರಶ್ನೆಗೆ ಅವರಿಗೆ ಸುಸ್ತಾಯಿತು. "ಸಾರ್, ಈ ಡೆಮೋ ಪೀಸನ್ನ ತಗೊಂಡ್ಹೋಗಿ, ಮನೇಲಿ ಊದಿ ನೋಡಿ. ಆಮೇಲೆ ಮಾತಾಡೋಣ" ಎಂದು ನನ್ನನ್ನು ಸಾಗಹಾಕಿದರು.

ಪ್ರಯೋಗಕ್ಕೆ ನಾನು ಆರಿಸಿಕೊಂಡದ್ದು ಭಾನುವಾರದ ಬೆಳಗನ್ನು. ಅಂದು ರಥಸಪ್ತಮಿ. ಅದು ನನಗೆ ತಿಳಿಯದೆ ಇರಲಿಲ್ಲ. ನಾಗವೇಣಿ ನನ್ನ ತಲೆ, ಭುಜಗಳ ಮೇಲೆ ಎಕ್ಕದ ಎಲೆಗಳನ್ನಿಟ್ಟು ನೀರು ಹುಯ್ದಿದ್ದಳು. ಹೀಗೆ ಎಲೆಯನ್ನು ತಲೆಯ ಮೇಲೆ ಹೊತ್ತು ಪುಣ್ಯಸ್ನಾನ ಮಾಡಿ ಬಂದವನು, ಅದೇ ಬೆಳಗ್ಗೆ ಎಲೆಯನ್ನು ಅಟ್ಟುವ ಆಯುಧ ಹಿಡಿದು ಬೀದಿಗಿಳಿದೆ. ಸಾಕ್ಷಿಯಾಗಿರಲಿ ಎಂದು ವಿಶಾಲಾಕ್ಷಮ್ಮನವರನ್ನು ಗೇಟಿನ ಬಳಿಗೆ ಕರೆದೆ. ಸಂಘದ ಸಭೆಯಲ್ಲಿ ಮಾತಾಡುವ ಧ್ವನಿಯಲ್ಲಿ ಎರಡು ಮಾತು ಹೇಳಿ, ಅವರ ಗೇಟಿನ ಮುಂದಿದ್ದ ಎಲೆಗಳಿಗೆ ಗುರಿಯಿಟ್ಟು ಗುಂಡಿ ಒತ್ತಿದೆ.

ನನ್ನ ದೃಷ್ಟಿಯೆಲ್ಲ ಎಲೆಗಳ ಮೇಲಿತ್ತು. ಎಲೆಗಳ ಈಚೆಗೆ, ಅವರ ಹೊಸ್ತಿಲಿನಿಂದ ರಸ್ತೆಯವರೆಗೆ, ಸೂರ್ಯನ ರಥವಿತ್ತು. ರಂಗೋಲಿಯ ರಥ. ಏಳು ಕುದುರೆ, ಸಾರಥಿ ಅರುಣ, ಒಂಟಿ ಚಕ್ರ, ಚಕ್ರದ ಕಡ್ಡಿಗಳೆಲ್ಲ ಕೈವಾರದಲ್ಲಿ ಅಳೆದಂತೆ ಸಮ. ಗಣಿತದ ಅಧ್ಯಾಪಕಿ ಬೆಳಗಿನ ಹೊತ್ತೆಲ್ಲ ಕುಳಿತು, ನೆಲ ಒಣಗಿದ ಮೇಲೆ ಬರೆದ ರಥ ಅದು. ಗಾಳಿ ಬೀಸಿದ ಕ್ಷಣದಲ್ಲಿ ಕುದುರೆಗಳು ಒಂದರ ಹಿಂದೊಂದು ಬಿಳಿಯ ಧೂಳಾಗಿ ಎದ್ದವು. ಅರುಣ ಚರಂಡಿಯ ಕಡೆಗೆ ಸಾಗಿದ. ಎಲೆಗಳು ಮಾತ್ರ ರಾತ್ರಿಯ ಇಬ್ಬನಿಗೆ ತೊಯ್ದು ಡಾಂಬರಿಗೆ ಅಂಟಿಕೊಂಡಿದ್ದವು, ಒಂದೂ ಅಲುಗಲಿಲ್ಲ.

ಯಂತ್ರವನ್ನು ನಿಲ್ಲಿಸಿದೆ. ಮರವನ್ನು ಉಳಿಸಲು ಬಂದವನು ಅದರ ವಿರುದ್ಧದ ಕೊನೆಯ ಸಾಕ್ಷ್ಯವನ್ನು ನನ್ನ ಕೈಯಾರೆ ಒದಗಿಸಿದ್ದೆ. ವಿಶಾಲಾಕ್ಷಮ್ಮನವರು ನೆಲವನ್ನೊಮ್ಮೆ ನೋಡಿದರು.

"ಎಲೆ ಇದ್ದಲ್ಲೇ ಇದೆ ಸೆಕ್ರೆಟ್ರಿಗಳೇ. ರಥ ಹೊರಟೋಯ್ತು," ಎಂದರು.

ನಮ್ಮ ಜಗುಲಿಯಿಂದ ನಾಗವೇಣಿ ಮೊದಲು ನಕ್ಕಳು. ಬಳಿಕ ವಿಶಾಲಾಕ್ಷಮ್ಮನವರು, ಗೇಟು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಾನು ಕ್ಷಮೆ ಕೇಳಿ, ರಥವನ್ನು ಮತ್ತೆ ಬರೆಯಲು ನೆರವಾಗುತ್ತೇನೆಂದೆ.

"ನೀವು ಬರೆದ್ರೆ ಕುದುರೆಗೆ ಸೊಂಡ್ಲು ಬರತ್ತೆ. ಬೇಡ. ಬರೆಯೋದು ನನಗೆ ಕಷ್ಟ ಅಲ್ಲ, ಒಂದು ಮಣೆ ಇದ್ರೆ ಕೂತ್ಕೊಂಡು ಬರೀತೀನಿ. ಬಗ್ಗಿ ಗುಡಿಸೋದೇ ಆಗಲ್ಲ. ಈ ಮಂಡಿ ಇದ್ಯಲ್ಲ, ಪೊರಕೆ ನೋಡಿದ್ರೇನೇ ನೋವು ಶುರು ಮಾಡತ್ತೆ. ಇವತ್ತು ಹಬ್ಬ ಅಂತ ಹೇಗೋ ಒಂದಿಷ್ಟು ಜಾಗ ಗುಡಿಸಿದೆ. ದಿನಾ ಗುಡಿಸ್ದೇನೇ ರಂಗೋಲಿ ಹೇಗೆ ಹಾಕ್ಲಿ? ಅದಕ್ಕೇ ಅರ್ಜಿ ಕೊಟ್ಟಿದ್ದು. ಮರ ನನಗೇನು ಮಾಡಿದೆ ಪಾಪ."

ನನ್ನ ವಾದದಲ್ಲಿ ಅಂತರ್ಜಲವಿತ್ತು, ಮುಂದಿನ ಪೀಳಿಗೆಯಿತ್ತು. ಮಂಡಿ ಇರಲಿಲ್ಲ. ಎದುರು ಪಕ್ಷದವರ ಮಾತನ್ನು ಊಹಿಸಿಕೊಂಡು ಖಂಡಿಸುವುದನ್ನು ನಮಗೆ ಚೆನ್ನಾಗಿ ಕಲಿಸಿದ್ದರು. ಅವರನ್ನೇ ಕೇಳಬಹುದೆಂಬುದು ನನಗೆ ಹೊಳೆದಿರಲಿಲ್ಲ.

ಅಷ್ಟರಲ್ಲಿ ಅವರು ಕೈ ಚಾಚಿದರು. "ಎಲ್ಲಿ, ಕೊಡಿ ಅದನ್ನ."

ಯಂತ್ರವನ್ನು ಹಿಡಿದು, ತೂಗಿ ನೋಡಿ, ಬಿಸಿಲು ಬಿದ್ದು ಒಣಗಿದ್ದ ಕಾಂಪೌಂಡಿನ ಮೂಲೆಯ ಕಡೆಗೆ ತಿರುಗಿಸಿ ಗುಂಡಿ ಒತ್ತಿದರು. ಅಲ್ಲಿದ್ದ ಎಲೆಗಳೆಲ್ಲ ಪ್ರಾರ್ಥನೆಯ ಗಂಟೆ ಕೇಳಿದ ಮಕ್ಕಳಂತೆ ಸಾಲಾಗಿ ಓಡಿ, ಮರದ ಬುಡಕ್ಕೆ ಹೋಗಿ ನಿಂತವು. ಅವರು ಬಗ್ಗಿರಲಿಲ್ಲ. ಇನ್ನೊಂದು ಮೂಲೆಯನ್ನೂ ಊದಿದರು. ಆಮೇಲೆ ಕಾರಣವೇ ಇಲ್ಲದೆ ನನ್ನ ಕಾಲಿನ ಬಳಿಯೂ ಒಮ್ಮೆ ಊದಿದರು.

"ಬೆಳಗ್ಗೆ ಊದಬಾರದು, ಒದ್ದೆ ಇರತ್ತೆ. ಸಾಯಂಕಾಲ ಊದ್ಬೇಕು. ರಾತ್ರಿ ಬಿದ್ದಿದ್ದು ನಾಲ್ಕು ಎಲೆ ಇದ್ರೆ ನಾಗವೇಣಿ ತೆಗೀತಾಳೆ. ಇದು ಇರ್ಲಿ ಸೆಕ್ರೆಟ್ರಿಗಳೇ, ವಾಪಸ್ ಕೊಡ್ಬೇಡಿ."

"ನಾಗವೇಣಿ ಯಾಕೆ, ಇವರೇ ತೆಗೀತಾರೆ," ಎಂದಳು ನಾಗವೇಣಿ. ನಿರ್ಣಯ ಅವಿರೋಧವಾಗಿ ಅಂಗೀಕಾರವಾಯಿತು.

ನಿಜ ಹೇಳುತ್ತೇನೆ, ನನ್ನ ಮನಸ್ಸು ಆ ವೇಳೆಗೆ ಪೊರಕೆಯ ಪಕ್ಷಕ್ಕೆ ವಾಲಿತ್ತು. ಶ್ರಮ, ಮೌನ, ಸರಳತೆ ಎಂಬ ಮೂರು ಅಂಶಗಳ ಭಾಷಣವೊಂದು ಒಳಗೇ ಸಿದ್ಧವಾಗುತ್ತಿತ್ತು. ನೋಯದ ಮಂಡಿಯಿರುವವನು ಪೊರಕೆಯ ಮಹಿಮೆ ಹಾಡುವುದು ಸುಲಭವೆಂದು ಹೊಳೆದು ಅದನ್ನು ಅಲ್ಲಿಯೇ ನಿಲ್ಲಿಸಿದೆ. ಎರಡೂ ಮನೆಯವರು ಸೇರಿ ಆ ಬ್ಯಾಟರಿಯ ಪುಟ್ಟ ಯಂತ್ರವನ್ನೇ ಕೊಂಡೆವು. ಸಂಜೆ ದೀಪ ಹಚ್ಚುವ ಮುನ್ನ ವಿಶಾಲಾಕ್ಷಮ್ಮನವರು ಸೀರೆಯ ಸೆರಗು ಸಿಕ್ಕಿಸಿಕೊಂಡು ಬೀದಿಗೆ ಬರುತ್ತಾರೆ. ಸದ್ದಿಗೆ ಎದುರು ಮನೆಯ ನಾಯಿ ಮೊದಮೊದಲು ಬೊಗಳುತ್ತಿತ್ತು, ಈಗ ಎದ್ದು ಜಾಗ ಬಿಡುತ್ತದೆ. ಎಲೆಗಳು ಮರದ ಬುಡದಲ್ಲಿ ನಾನು ಕಟ್ಟಿದ ಪಾತಿಗೆ ಸೇರುತ್ತವೆ. ಮಿಕ್ಕಿದ್ದು ಗೊಬ್ಬರದ ಡ್ರಮ್ಮಿಗೆ. ಅದನ್ನು ತುಂಬುವ ಖಾತೆ ನನ್ನದು.

ಯುಗಾದಿಗೆ ತುಸು ಮುಂಚೆ ಪರಿಶೀಲನೆಯ ಅಧಿಕಾರಿ ಬಂದರು. ಬೈಕು ನಿಲ್ಲಿಸಿ, ತಲೆಯೆತ್ತಿ ಮರವನ್ನೊಮ್ಮೆ ನೋಡಿದರು. ನಾನು ಗಂಟಲು ಸರಿಪಡಿಸಿಕೊಂಡು, ಪೀಠಿಕೆಯನ್ನು ಆರಂಭಿಸುವಷ್ಟರಲ್ಲಿ ಅವರು ಪಕ್ಕದ ಗೇಟಿಗೆ ಹೋಗಿದ್ದರು.

"ಮರ ತೆಗೀಬೇಕು ಅಂತ ಅರ್ಜಿ ಕೊಟ್ಟಿದ್ದೋರು ನೀವೇನಾ ಅಮ್ಮ?"

"ನಾನೇಪ್ಪ. ಕೊಟ್ಟಿದ್ದೆ. ಈಗ ಬೇಡ."

"ಯಾಕಮ್ಮ? ಎಲೆ ತೊಂದ್ರೆ ಅಂತ ಬರ್ದಿದ್ರಲ್ಲ?"

"ಹೌದು. ಅದಕ್ಕೇ ಮಿಷಿನ್ ತಗೊಂಡಿದೀವಿ. ಈಗ ಮರ ಕಡಿದ್ರೆ ಮಿಷಿನ್ ಸುಮ್ನೆ ಬಿದ್ದಿರತ್ತೆ. ಅದಕ್ಕೆ ಎಲೆ ಎಲ್ಲಿಂದ ತರ್ಲಿ?"

ಅಧಿಕಾರಿ ನನ್ನ ಕಡೆಗೆ ನೋಡಿದರು. ನನ್ನ ಇಡೀ ತರ್ಕಶಾಸ್ತ್ರದಲ್ಲಿ ಈ ವಾದಕ್ಕೆ ಸ್ಥಾನವಿರಲಿಲ್ಲ, ಆದರೂ ತಲೆಯಾಡಿಸಿ ಅನುಮೋದಿಸಿದೆ. ಅವರು ಏನನ್ನೋ ಬರೆದುಕೊಂಡು, ಮರದ ನೆರಳಿನಲ್ಲಿ ನಿಂತು ಒಂದು ಲೋಟ ಮಜ್ಜಿಗೆ ಕುಡಿದು ಹೊರಟರು. ಮೇಲೆ ಹೊಂಗೆ ತಿಳಿಹಸುರಿನ ಚಿಗುರಿನಲ್ಲಿ ಮಿಂಚುತ್ತಿತ್ತು. ಮುಂದಿನ ಮಾಘಕ್ಕೆ ನಮ್ಮ ಯಂತ್ರಕ್ಕೆ ಬೇಕಾಗುವ ಎಲೆಗಳನ್ನು ಅದು ಆಗಲೇ ಸಿದ್ಧಪಡಿಸತೊಡಗಿತ್ತು.